ಜ್ವರ ಬಿಟ್ಟ ಮೇಲೆ ಡಾಕ್ಟರ್ ಯಾಕೆ?

ಹಾಸ್ಟೆಲ್‌ನಲ್ಲಿ ಒಬ್ಬನಿಗೆ ಜ್ವರ ಬಂದ್ರೆ ಥರ್ಮಾಮೀಟರ್ ಹುಡುಕೋ ಮೊದಲು ಟೈಮ್‌ಟೇಬಲ್ ನೋಡ್ತಾರೆ. ನಾಳೆ ಲ್ಯಾಬ್ ಇದ್ಯಾ? ಇಂಟರ್ನಲ್ಸ್ ಯಾವತ್ತು? ವಿಟಿಯು ನಿಯಮದಲ್ಲಿ ಪ್ರತಿ ಸಬ್ಜೆಕ್ಟ್‌ಗೂ ಶೇ 85 ಹಾಜರಾತಿ ಬೇಕು. ಅಂದ್ರೆ 40 ಕ್ಲಾಸ್ ಇರೋ ಸಬ್ಜೆಕ್ಟಲ್ಲಿ ತಪ್ಪಿಸಬಹುದಾದದ್ದು 6. ಅದರಲ್ಲಿ ಎರಡು ಊರ ಹಬ್ಬಕ್ಕೆ, ಎರಡು ಫೆಸ್ಟ್‌ಗೆ ಹೋಗಿರತ್ತೆ. ಉಳಿದ ಎರಡನ್ನ ಆಸ್ಪತ್ರೆಗೆ ಖರ್ಚು ಮಾಡೋಕೆ ಯಾರಿಗೂ ಮನಸ್ಸು ಬರಲ್ಲ.

ಚಿಕಿತ್ಸೆ ಯಾಕೆ ತಡ ಆಗತ್ತೆ ಅನ್ನೋದಕ್ಕೆ ‘ಮೂರು ವಿಳಂಬ’ ಅಂತ ಒಂದು ಮಾದರಿ ಇದೆ. 1994ರಲ್ಲಿ ಥಡಿಯಸ್ ಮತ್ತು ಮೇನ್ ಅನ್ನೋ ಇಬ್ಬರು ಸಂಶೋಧಕಿಯರು ಬಾಣಂತಿಯರ ಸಾವಿನ ಬಗ್ಗೆ ಬರೀತಾ ಇದನ್ನ ಕೊಟ್ಟರು. ಹೋಗಬೇಕು ಅಂತ ತೀರ್ಮಾನ ಮಾಡೋದ್ರಲ್ಲಿ ಒಂದು ತಡ, ಆಸ್ಪತ್ರೆ ತಲುಪೋದ್ರಲ್ಲಿ ಇನ್ನೊಂದು, ಅಲ್ಲಿ ಸರಿಯಾದ ಚಿಕಿತ್ಸೆ ಸಿಗೋದ್ರಲ್ಲಿ ಮೂರನೇದು. ನಮ್ಮ ಭಾಷೇಲಿ ಹೇಳಬೇಕಂದ್ರೆ ಸೀರೀಸ್‌ನಲ್ಲಿರೋ ಮೂರು ರೆಸಿಸ್ಟರ್.

ನಮ್ಮೂರು ಮಾಗಡಿ ತಾಲ್ಲೂಕಿನ ಕುದೂರು. ಅಲ್ಲಿ ಎರಡನೇ ರೆಸಿಸ್ಟರ್ ದೊಡ್ಡದು. ದೊಡ್ಡ ಆಸ್ಪತ್ರೆ ಅಂದ್ರೆ ಬಸ್ ಹಿಡಿದು ತುಮಕೂರಿಗೋ ಬೆಂಗಳೂರಿಗೋ ಹೋಗಬೇಕು. ಆದ್ರೆ ಮೊದಲನೇದು ಹತ್ತಿರ ಹತ್ತಿರ ಸೊನ್ನೆ! ತೀರ್ಮಾನ ನಮ್ಮ ಕೈಲಿರೋದೇ ಇಲ್ಲ. ಅಮ್ಮ ಹಣೆ ಮುಟ್ಟಿ ನೋಡ್ತಾಳೆ, ಅಜ್ಜಿ ಕಷಾಯ ಇಡ್ತಾಳೆ, ಎರಡನೇ ದಿನ ಅಪ್ಪ ಗಾಡಿ ತೆಗೀತಾರೆ. ಬೆಂಗಳೂರಲ್ಲಿ ಪೂರ್ತಿ ಉಲ್ಟಾ. ಆಟೋ ಹತ್ತಿದ್ರೆ ಆಸ್ಪತ್ರೆ, ಆದ್ರೆ ಹಣೆ ಮುಟ್ಟಿ ನೋಡೋರಿಲ್ಲ. ಫೋನಲ್ಲಿ ‘ಊಟ ಆಯ್ತಾ’ ಅಂದ್ರೆ ‘ಆಯ್ತಮ್ಮ’ ಅಂತೀವಿ. ಹೇಳಿದ್ರೆ ಅವರು ರಾತ್ರಿ ಬಸ್ಸಿಗೇ ಹೊರಟು ಬಿಡ್ತಾರೆ ಅನ್ನೋ ಭಯ. ದುಡ್ಡಿನ ಸಂಕೋಚಾನೂ ಇದೆ. ಈಗಾಗಲೇ ಫೀಸ್ ಕಟ್ಟಿ ಸುಸ್ತಾಗಿರೋರ ಹತ್ರ ಲ್ಯಾಬ್ ಬಿಲ್ ಕೇಳೋದು ಹೇಗೆ?

ಹಾಗಾಗಿ ಮೆಡಿಕಲ್ ಸ್ಟೋರೇ ನಮ್ಮ ಡಾಕ್ಟರ್. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ರೆ ಅದನ್ನ ವೈದ್ಯರ ಚೀಟಿ ಇಲ್ಲದೆ ತಗೋಬಾರದು ಅಂತ ಅರ್ಥ. ಅದನ್ನ ಗಮನಿಸಿದವರನ್ನ ನಾನಂತೂ ಇನ್ನೂ ನೋಡಿಲ್ಲ.

ಇದೆಲ್ಲ ಮಾಮೂಲಿ ನೆಗಡಿಗೆ ನಡೆಯತ್ತೆ. ಡೆಂಗಿಗೆ ನಡೆಯಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಅದು ಎಷ್ಟು ಹಬ್ಬಿತು ಅಂದ್ರೆ ಸರ್ಕಾರ ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತು. ಡೆಂಗಿ ವೈರಸ್‌ನಿಂದ ಬರೋದು, ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡಲ್ಲ. ಮೈಕೈ ನೋವಿಗೆ ಅಂತ ನಾವು ನುಂಗೋ ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇರತ್ತೆ. ಡೆಂಗಿ ಇದ್ದಾಗ ಅದು ರಕ್ತಸ್ರಾವದ ಅಪಾಯ ಹೆಚ್ಚಿಸತ್ತೆ. ಬರೀ ಪ್ಯಾರಾಸಿಟಮಾಲ್ ಪರವಾಗಿಲ್ಲ.

ಇನ್ನೂ ಮುಖ್ಯವಾದ ವಿಷಯ ಒಂದಿದೆ. ಹೋಗಬೇಕಾ ಬೇಡವಾ ಅನ್ನೋದಕ್ಕೆ ನಾವೆಲ್ಲ ಇಟ್ಟುಕೊಂಡಿರೋ ಅಳತೆ ಜ್ವರ. ಇಳೀತಾ, ಸರಿ, ಕ್ಲಾಸಿಗೆ ನಡಿ ಮಗಾ. ಡೆಂಗಿಯಲ್ಲಿ ಅಪಾಯದ ಹಂತ ಶುರುವಾಗೋದೇ ಜ್ವರ ಇಳಿಯೋ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ. ರಕ್ತನಾಳಗಳಿಂದ ದ್ರವ ಸೋರಿ ಬಿಪಿ ಬೀಳಬಹುದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲೋ ಮೂಗಲ್ಲೋ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಇದರಲ್ಲಿ ಒಂದು ಕಂಡ್ರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾಗಿದ್ರೆ 108ಕ್ಕೆ ಫೋನ್ ಮಾಡಿ.

ದುಡ್ಡಿನ ಚಿಂತೆ ಇದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇ-ಸಂಜೀವಿನಿಯಲ್ಲಿ ವೈದ್ಯರ ಜೊತೆ ವಿಡಿಯೋ ಕಾಲ್‌ನಲ್ಲಿ ಉಚಿತವಾಗಿ ಮಾತಾಡಬಹುದು. ಮನಸ್ಸಿಗೇ ಹುಷಾರಿಲ್ಲ ಅನ್ನೋದಾದ್ರೆ ಟೆಲಿ-ಮಾನಸ್ 14416, ಅದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆ ವಿಷಯದಲ್ಲಿ ನಮ್ಮ ಮೊದಲ ರೆಸಿಸ್ಟರ್ ಇನ್ನೂ ದೊಡ್ಡದು, ಅದಕ್ಕೆ ಬೇರೆ ಲೇಖನವೇ ಬೇಕು.

ಹಣೆ ಮುಟ್ಟಿ ನೋಡೋ ಕೆಲಸ ಮಾತ್ರ ರೂಮ್‌ಮೇಟ್‌ಗೇ ಬಿದ್ದಿದ್ದು. ಅವನಿಗೆ ಜ್ವರ ಬಂದ ದಿನ ಗೋಡೆಯ ಕ್ಯಾಲೆಂಡರಲ್ಲಿ ಒಂದು ಗುರುತು ಹಾಕಿಡಿ. ಡಾಕ್ಟರ್ ಕೇಳೋ ಮೊದಲ ಪ್ರಶ್ನೆ ‘ಎಷ್ಟು ದಿನ ಆಯ್ತು’ ಅಂತಾನೇ ಇರತ್ತೆ.