ಮೈಸೂರು ತಳಿ (ರೇಷ್ಮೆಹುಳು)

ಮೈಸೂರು ತಳಿಯು ಹಳೆಯ ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ಸಾಕಲಾಗುತ್ತಿರುವ, ಹಿಪ್ಪುನೇರಳೆ ಸೊಪ್ಪನ್ನು ತಿಂದು ಬೆಳೆಯುವ ರೇಷ್ಮೆಹುಳುವಿನ ಒಂದು ತಳಿ. ಇದನ್ನು ಶುದ್ಧ ಮೈಸೂರು ತಳಿ ಎಂದೂ ಕರೆಯುತ್ತಾರೆ. ಇದರ ಗೂಡಿನಿಂದ ದೊರೆಯುವ ನೂಲು ಕಡಿಮೆ. ಆದರೂ ರಾಜ್ಯದಲ್ಲಿ ವ್ಯಾಪಕವಾಗಿ ಸಾಕುವ ಮಿಶ್ರತಳಿ ಹುಳುವಿಗೆ ಇದೇ ತಾಯಿತಳಿಯಾಗಿರುವುದರಿಂದ, ಇದರ ಸಂರಕ್ಷಣೆಯು ರೇಷ್ಮೆ ಕೃಷಿಯ ಮುಖ್ಯ ವಿಷಯಗಳಲ್ಲೊಂದಾಗಿದೆ. ಮೈಸೂರು ನಗರದಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಈ ತಳಿಯನ್ನು ಕುರಿತ ಅಧ್ಯಯನದ ಪ್ರಮುಖ ಕೇಂದ್ರವಾಗಿದೆ.

ಹಿನ್ನೆಲೆ

ಹಿಪ್ಪುನೇರಳೆ ರೇಷ್ಮೆಹುಳುವಿನ ವೈಜ್ಞಾನಿಕ ಹೆಸರು ಬಾಂಬಿಕ್ಸ್ ಮೋರಿ. ಬಾಂಬಿಕ್ಸ್ ಮ್ಯಾಂಡರಿನಾ ಎಂಬ ಕಾಡುಜಾತಿಯಿಂದ ಚೀನಾದಲ್ಲಿ ಇದನ್ನು ಪಳಗಿಸಲಾಯಿತು. ಸಾವಿರಾರು ವರ್ಷಗಳ ಸಾಕಣೆಯ ಫಲವಾಗಿ ಇದರ ಪತಂಗವು ಹಾರುವ ಶಕ್ತಿಯನ್ನು ಕಳೆದುಕೊಂಡಿದೆ. ಹುಳು ತಾನಾಗಿ ಆಹಾರ ಹುಡುಕಿಕೊಂಡು ಬದುಕಲಾರದು. ಆದ್ದರಿಂದ ಸಾಕಣೆ ನಿಂತರೆ ತಳಿಯೂ ಅಳಿಯುತ್ತದೆ.

ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ಕೃಷಿಯು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಪ್ರೋತ್ಸಾಹದಿಂದ ನೆಲೆಯೂರಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ಥಾಪನೆಯಾಯಿತು. ಕೇಂದ್ರ ರೇಷ್ಮೆ ಮಂಡಳಿಯ ಅಧೀನದಲ್ಲಿರುವ ಮೇಲ್ಕಂಡ ಸಂಶೋಧನಾ ಸಂಸ್ಥೆಯು 1961ರಲ್ಲಿ ಆರಂಭವಾಯಿತು.

ಲಕ್ಷಣಗಳು

ವರ್ಷದಲ್ಲಿ ಕಾಣುವ ಪೀಳಿಗೆಗಳ ಸಂಖ್ಯೆಯನ್ನು ಆಧರಿಸಿ ರೇಷ್ಮೆಹುಳುಗಳನ್ನು ಏಕತಳಿ, ದ್ವಿತಳಿ ಮತ್ತು ಬಹುತಳಿ ಎಂದು ವಿಂಗಡಿಸುತ್ತಾರೆ. ಮೈಸೂರು ತಳಿಯು ಬಹುತಳಿ. ಇದರ ಮೊಟ್ಟೆಗಳು ಸುಮಾರು 10 ದಿನಗಳಲ್ಲಿ ಒಡೆಯುತ್ತವೆ. ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. ಹುಳುವಿನ ಮೈಮೇಲೆ ಗುರುತುಗಳಿರುವುದಿಲ್ಲ. ರೈತರು ಜ್ವರ ಎಂದು ಕರೆಯುವ ನಾಲ್ಕು ಪೊರೆ ಬಿಡುವ ಹಂತಗಳನ್ನು ದಾಟಿ ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಾಗ ಅವು ಹಸಿರು ಮಿಶ್ರಿತ ಹಳದಿ ಬಣ್ಣದ, ತುದಿ ಚೂಪಾದ ಗೂಡು ಕಟ್ಟುತ್ತವೆ.

ಒಂದು ಗೂಡಿನಿಂದ ಬಿಚ್ಚಬಹುದಾದ ಎಳೆಯ ಉದ್ದ ಸುಮಾರು 400 ಮೀಟರ್. ಉತ್ತಮ ದ್ವಿತಳಿ ಗೂಡಿನ ಎಳೆಯಾದರೋ 1000 ಮೀಟರನ್ನು ಮೀರಬಲ್ಲದು. ಆದರೆ ಮೈಸೂರು ತಳಿಯು ಬೇಸಿಗೆಯ ಬಿಸಿಯನ್ನೂ ಸಾಧಾರಣ ಗುಣಮಟ್ಟದ ಸೊಪ್ಪನ್ನೂ ತಾಳಿಕೊಳ್ಳುತ್ತದೆ ಮತ್ತು ಹಲವು ರೋಗಗಳಿಗೆ ದ್ವಿತಳಿಯಷ್ಟು ಸುಲಭವಾಗಿ ತುತ್ತಾಗುವುದಿಲ್ಲ.

ತಾಯಿತಳಿಯಾಗಿ ಬಳಕೆ

ಮೈಸೂರು ಸಂಸ್ಥಾನದಲ್ಲಿ 1920ರ ದಶಕದಿಂದ ಮೈಸೂರು ತಳಿಯನ್ನು ವಿದೇಶಿ ತಳಿಗಳೊಂದಿಗೆ ಸಂಕರಗೊಳಿಸುವ ಕ್ರಮ ಬೆಳೆಯಿತು. ಜಪಾನಿನ ಸಿ. ನಿಚಿ ತಳಿಯೊಂದಿಗಿನ ಸಂಕರವು ಹೆಚ್ಚು ಪ್ರಚಾರ ಪಡೆಯಿತು. ಮುಂದೆ ಮೈಸೂರಿನ ಸಂಸ್ಥೆಯಲ್ಲಿ ರೂಪುಗೊಂಡ ಎನ್‌ಬಿ4ಡಿ2, ಸಿಎಸ್‌ಆರ್2 ಮೊದಲಾದ ದ್ವಿತಳಿಗಳು ಗಂಡುತಳಿಯಾಗಿ ಬಳಕೆಗೆ ಬಂದವು. ಗಂಡುತಳಿ ಬದಲಾದರೂ ತಾಯಿತಳಿ ಮಾತ್ರ ಮೈಸೂರು ತಳಿಯಾಗಿಯೇ ಉಳಿಯಿತು.

ಇದಕ್ಕೆ ಜೈವಿಕ ಕಾರಣವಿದೆ. ರೇಷ್ಮೆಹುಳುವಿನ ಮೊಟ್ಟೆ ಕೂಡಲೇ ಬೆಳೆದು ಒಡೆಯಬೇಕೇ ಅಥವಾ ತಿಂಗಳುಗಟ್ಟಲೆ ಸುಪ್ತಾವಸ್ಥೆಯಲ್ಲಿರಬೇಕೇ ಎಂಬುದು ತಾಯಿಯನ್ನು ಅವಲಂಬಿಸಿದೆ. ಕೋಶಾವಸ್ಥೆಯಲ್ಲಿರುವ ತಾಯಿಯ ದೇಹದಲ್ಲಿ ಸ್ರವಿಸುವ ಒಂದು ಹಾರ್ಮೋನು ಅಂಡಾಶಯದಲ್ಲಿ ಬೆಳೆಯುತ್ತಿರುವ ಮೊಟ್ಟೆಗಳ ಮೇಲೆ ವರ್ತಿಸಿ ಅವುಗಳನ್ನು ಸುಪ್ತಾವಸ್ಥೆಗೆ ಸಿದ್ಧಗೊಳಿಸುತ್ತದೆ. ತಾಯಿ ದ್ವಿತಳಿಯದಾದರೆ ಸುಪ್ತಾವಸ್ಥೆಯ ಮೊಟ್ಟೆಗಳನ್ನು ಒಡೆಯಿಸಲು ಹೈಡ್ರೋಕ್ಲೋರಿಕ್ ಆಮ್ಲದ ಉಪಚಾರ ಬೇಕಾಗುತ್ತದೆ. ತಾಯಿ ಮೈಸೂರು ತಳಿಯದಾದರೆ ಮಿಶ್ರತಳಿ ಮೊಟ್ಟೆಗಳು ಅಂಥ ಉಪಚಾರವಿಲ್ಲದೆ ಸಹಜವಾಗಿ ಒಡೆಯುತ್ತವೆ. ತಾಯಿಯ ಸಹಿಷ್ಣುತೆ ಮತ್ತು ತಂದೆಯ ಇಳುವರಿ ಎರಡರ ಪಾಲೂ ಮಿಶ್ರತಳಿಗೆ ದೊರೆಯುತ್ತದೆ. ಆದರೆ ಮಿಶ್ರತಳಿಯ ಮರಿಪೀಳಿಗೆಯಲ್ಲಿ ಗುಣಗಳು ಚದುರಿಹೋಗುವುದರಿಂದ ಅದನ್ನೇ ಬಿತ್ತನೆಗೆ ಬಳಸಲಾಗದು. ಪ್ರತಿ ಬೆಳೆಗೂ ಶುದ್ಧ ತಳಿಯಿಂದಲೇ ಹೊಸದಾಗಿ ಮೊಟ್ಟೆ ತಯಾರಿಸಬೇಕು.

ಸಂರಕ್ಷಣೆ

ಮಿಶ್ರತಳಿಗೆ ಅನುಕೂಲವಾದ ಈ ಗುಣವೇ ಸಂರಕ್ಷಣೆಗೆ ತೊಡಕಾಗಿದೆ. ಸುಪ್ತಾವಸ್ಥೆಯ ದ್ವಿತಳಿ ಮೊಟ್ಟೆಗಳನ್ನು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಡಬಹುದು. ವರ್ಷಕ್ಕೆ ಒಂದೆರಡು ಸಲ ಸಾಕಿದರೆ ತಳಿ ಉಳಿಯುತ್ತದೆ. ಮೈಸೂರು ತಳಿಯ ಮೊಟ್ಟೆಗಳನ್ನು ಹಾಗೆ ಇಡಲಾಗದು. ಅದನ್ನು ವರ್ಷವಿಡೀ ಸಾಕುತ್ತಲೇ ಇರಬೇಕು. ಪ್ರತಿಯೊಂದು ಸಾಕಣೆಯಲ್ಲಿಯೂ ರೋಗ ತಗಲುವ, ಬೇರೆ ತಳಿ ಬೆರೆಯುವ ಮತ್ತು ಒಳಸಂತಾನದಿಂದ ಶಕ್ತಿ ಕುಂದುವ ಅಪಾಯವಿರುತ್ತದೆ.

ಇವುಗಳಲ್ಲಿ ಗಂಟುರೋಗವು ವಿಶೇಷವಾಗಿ ಗಂಭೀರವಾದುದು. ನೊಸೀಮ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗವು ಮೊಟ್ಟೆಯ ಮೂಲಕ ತಾಯಿಯಿಂದ ಮರಿಗೆ ದಾಟುತ್ತದೆ. ಫ್ರಾನ್ಸಿನ ಲೂಯಿ ಪಾಸ್ಚರ್ 1860ರ ದಶಕದಲ್ಲಿ ರೂಪಿಸಿದ ವಿಧಾನದಂತೆ, ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ; ರೋಗಾಣು ಕಂಡುಬಂದರೆ ಮೊಟ್ಟೆಗಳನ್ನು ನಾಶಪಡಿಸುತ್ತಾರೆ.

ತಳಿಯ ಶುದ್ಧತೆಗಾಗಿ ಕುಣಿಗಲ್, ಮಾಗಡಿ ಮುಂತಾದ ಕಡೆಗಳಲ್ಲಿ ಬಿತ್ತನೆ ಪ್ರದೇಶಗಳನ್ನು ಗುರುತಿಸಲಾಗಿದೆ. ಅಲ್ಲಿನ ರೈತರು ಬೆಳೆಯುವ ಬಿತ್ತನೆ ಗೂಡುಗಳು ಮೊಟ್ಟೆ ತಯಾರಿಕೆಗೆ ಹೋಗುತ್ತವೆ. ತಮಿಳುನಾಡಿನ ಹೊಸೂರಿನಲ್ಲಿ ರೇಷ್ಮೆಹುಳು ಹಾಗೂ ಹಿಪ್ಪುನೇರಳೆ ತಳಿಗಳನ್ನು ಕಾಪಾಡುವ ಕೇಂದ್ರೀಯ ಸಂಸ್ಥೆಯೂ ಇದೆ. ಆದರೆ ಸಂಶೋಧನಾಲಯದ ಸಂಗ್ರಹವೊಂದರಿಂದಲೇ ಲಕ್ಷಾಂತರ ಮೊಟ್ಟೆಗಳ ಬೇಡಿಕೆಯನ್ನು ಪೂರೈಸಲಾಗದು. ಮೈಸೂರು ತಳಿಯ ಇಳುವರಿ ಕಡಿಮೆಯಾದುದರಿಂದ, ಬಿತ್ತನೆ ಗೂಡಿಗೆ ಸಾಮಾನ್ಯ ಗೂಡಿಗಿಂತ ಹೆಚ್ಚಿನ ಬೆಲೆ ದೊರೆಯದಿದ್ದರೆ ರೈತರು ಮಿಶ್ರತಳಿಗೋ ದ್ವಿತಳಿಗೋ ಹೊರಳುವುದು ಸಹಜ. ಹೀಗಾಗಿ ಈ ತಳಿಯ ಉಳಿವು ಪ್ರಯೋಗಾಲಯದಷ್ಟೇ ಬಿತ್ತನೆ ಪ್ರದೇಶದ ರೈತರ ಹುಳುಮನೆಗಳನ್ನೂ ಅವಲಂಬಿಸಿದೆ.