ಆವಿಷ್ಕಾರದ ವಿದ್ಯೆ: ಟಿಂಕರಿಂಗ್ ಪ್ರಯೋಗಾಲಯವೂ ಕಲಾಸಿಪಾಳ್ಯದ ಪೇಟೆಯೂ

ಪಠ್ಯದಲ್ಲಿರುವ ತತ್ತ್ವವನ್ನು ಮಾಡಿ ತೋರಿಸುವುದು ಶಾಲೆಯ ವಿಜ್ಞಾನ ಪ್ರಯೋಗಾಲಯದ ಕೆಲಸವಾದರೆ, ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲದ ಸಮಸ್ಯೆಯೊಂದನ್ನು ಮಕ್ಕಳೇ ಹುಡುಕಿ, ಅದಕ್ಕೆ ತಕ್ಕ ಸಾಧನವನ್ನು ಕೈಯಾರೆ ಕಟ್ಟಿ ನೋಡಲೆಂದು ಏರ್ಪಟ್ಟಿರುವುದು ಅಟಲ್ ಟಿಂಕರಿಂಗ್ ಪ್ರಯೋಗಾಲಯ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಲ್ಲಿ ಆರಂಭವಾಗಿದ್ದು, ಇದರಡಿ ಇಂಥ ಪ್ರಯೋಗಾಲಯ ತೆರೆಯಲು ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುತ್ತದೆ. 6ರಿಂದ 12ನೆಯ ತರಗತಿಯ ಮಕ್ಕಳು ಅಲ್ಲಿ ತ್ರೀಡಿ ಪ್ರಿಂಟರ್, ಸೆನ್ಸರ್ ಹಾಗೂ ಮೈಕ್ರೊಕಂಟ್ರೋಲರ್, ಅಂದರೆ ಬರೆದುಕೊಟ್ಟ ಆದೇಶದಂತೆ ದೀಪ, ಮೋಟರುಗಳನ್ನು ನಡೆಸುವ ಪುಟ್ಟ ಗಣಕ ಬಿಲ್ಲೆ, ಇವುಗಳನ್ನು ಬಳಸುತ್ತಾರೆ.

ಈ ಕಲಿಕೆಯ ತಳದಲ್ಲಿರುವ ಕ್ರಮವನ್ನು ವಿನ್ಯಾಸ ಚಿಂತನೆ ಎನ್ನುತ್ತಾರೆ. ವಸ್ತುವನ್ನು ಬಳಸುವವರ ಕಷ್ಟವನ್ನು ಅವರ ಬಳಿಯೇ ನಿಂತು ಅರಿಯುವುದು, ಸಮಸ್ಯೆಯನ್ನು ಖಚಿತವಾದ ಮಾತಿನಲ್ಲಿ ಹೇಳುವುದು, ಹಲವು ಉಪಾಯಗಳನ್ನು ಯೋಚಿಸುವುದು, ಅಗ್ಗದ ಸಾಮಗ್ರಿಯಿಂದ ಮೂಲಮಾದರಿಯನ್ನು ಮಾಡುವುದು, ಅದನ್ನು ಪರೀಕ್ಷಿಸಿ ತಿದ್ದುವುದು ಇದರ ಹಂತಗಳು. ಇವುಗಳಲ್ಲಿ ಅತಿ ಕಠಿಣವಾದದ್ದು ಎರಡನೆಯದು, ಶಾಲೆಗಳು ಅತಿ ಬೇಗ ದಾಟಿಬಿಡುವುದೂ ಅದನ್ನೇ.

ಉದಾಹರಣೆಗೆ, ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಲಾರಿ ಆಫೀಸುಗಳಿಗೆ ಸರಕು ಸಾಗಿಸುವ ತಳ್ಳುಗಾಡಿಯನ್ನು ಸುಧಾರಿಸಬೇಕೆಂದು ಮಕ್ಕಳಿಗೆ ಹೇಳಿದರೆ, ಅದಕ್ಕೊಂದು ಮೋಟರು ಜೋಡಿಸೋಣವೆಂಬ ಉತ್ತರ ಆ ಕ್ಷಣದಲ್ಲೇ ಬರಬಹುದು. ಆದರೆ ಹಮಾಲಿಯ ಜೊತೆ ಒಂದು ಹೊತ್ತು ಓಡಾಡಿ ನೋಡಿದವರಿಗೆ, ಹೊರೆಯನ್ನು ತಳ್ಳುವುದಕ್ಕಿಂತ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದೇ ಹೆಚ್ಚು ಅಪಾಯದ ಕೆಲಸವೆಂದು ಕಂಡೀತು. ಆಗ ಬೇಕಾಗುವುದು ಮೋಟರಲ್ಲ, ಬ್ರೇಕು. ಹಳೆಯ ಟೈರಿನ ತುಂಡೊಂದನ್ನು ಸನ್ನೆಕೋಲಿನ ಮೂಲಕ ಗಾಲಿಗೆ ಒತ್ತುವ ಮಾದರಿಯನ್ನು ಮಾಡಿ, ಅದು ಮಳೆಯಲ್ಲಿ ಜಾರುತ್ತದೆಯೆಂದು ತಿಳಿದ ಮೇಲೆ ರಬ್ಬರಿಗೆ ಗೀರು ಕೊಯ್ದು ಮತ್ತೆ ಒತ್ತಿ ನೋಡುವ ಹೊತ್ತಿಗೆ, ಘರ್ಷಣೆಯ ಪಾಠವನ್ನು ಪ್ರತ್ಯೇಕವಾಗಿ ಹೇಳಬೇಕಾದ ಅಗತ್ಯವೇ ಉಳಿಯುವುದಿಲ್ಲ.

ಕಲಾಸಿಪಾಳ್ಯದ ಆಸುಪಾಸಿನ ಚಾಮರಾಜಪೇಟೆ, ಕೋಟೆ ಪ್ರದೇಶದ ಶಾಲೆಗಳಿಗೆ ಇಂಥ ಕಲಿಕೆಯ ಸಾಮಗ್ರಿಯೆಲ್ಲ ನಡೆದೇ ಹೋಗಬಹುದಾದ ದೂರದಲ್ಲಿದೆ. ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ, ಎಸ್.ಪಿ. ರಸ್ತೆಯಲ್ಲಿ ಮೋಟರು, ಸರ್ಕ್ಯೂಟ್ ಬೋರ್ಡು ಸಿಗುತ್ತವೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿಗೆ ಬಹುಕಾಲದಿಂದ ಎಸ್.ಪಿ. ರಸ್ತೆಯನ್ನೇ ನೆಚ್ಚಿದ್ದಾರೆ. ರಾಜ್ಯದಲ್ಲಿ ಕೈಯಿಂದ ಮಾಡಿ ಕಲಿಯುವ ಪರಂಪರೆಯೂ ಹೊಸದಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು 1960ರ ದಶಕದಿಂದ ಯಂತ್ರಗಳ ಕಾರ್ಯವಿಧಾನವನ್ನು ಮಕ್ಕಳಿಗೆ ತೋರಿಸುತ್ತ ಬಂದಿದೆ; 1999ರಲ್ಲಿ ಸ್ಥಾಪನೆಯಾದ ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನವು ವ್ಯಾನುಗಳಲ್ಲಿ ಪ್ರಯೋಗ ಸಾಮಗ್ರಿಯನ್ನು ಹೇರಿಕೊಂಡು ಹಳ್ಳಿಯ ಶಾಲೆಗಳನ್ನು ತಲುಪಿದೆ.

2025ರ ಕೇಂದ್ರ ಬಜೆಟ್ಟಿನಲ್ಲಿ, ಮುಂದಿನ 5 ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಟಿಂಕರಿಂಗ್ ಪ್ರಯೋಗಾಲಯಗಳನ್ನು ತೆರೆಯುವುದಾಗಿ ಘೋಷಿಸಲಾಗಿದೆ. ಆದರೆ ಸಿದ್ಧ ಕಿಟ್ಟನ್ನು ಸೂಚನಾಪತ್ರದಂತೆ ಜೋಡಿಸಿ ಪ್ರದರ್ಶನಕ್ಕಿಡುವುದು ಆವಿಷ್ಕಾರವಾಗದು. ಕೆಟ್ಟ ಮಾದರಿಗಳ ದಾಖಲೆಗೂ ಅಂಕ ಸಿಗುವಂತಾಗಬೇಕು. ಮಕ್ಕಳಿಗೆ ಮಾರ್ಗದರ್ಶಕರಾಗಿ ಸ್ವಯಂಸೇವಕರನ್ನು ಕರೆಯಲು ಯೋಜನೆಯಲ್ಲಿ ಅವಕಾಶವಿರುವುದರಿಂದ, ಕಂಪನಿಗಳ ಇಂಜಿನಿಯರುಗಳ ಜೊತೆಗೆ ಕಲಾಸಿಪಾಳ್ಯದ ಪೇಟೆಯ ಲೇತ್ ಕೆಲಸಗಾರರನ್ನೂ ವೆಲ್ಡರುಗಳನ್ನೂ ಗೌರವಧನವಿತ್ತು ಶಾಲೆಗೆ ಬರಮಾಡಿಕೊಳ್ಳುವುದು ಅತ್ಯಂತ ಉಚಿತವಾದ ಕ್ರಮ.