ಹೆಸರುಂಟು, ಲೆಕ್ಕವಿಲ್ಲ

ಶಿಮ್ಲಾದ ಬಜಾರಿನಲ್ಲಿ ಒಮ್ಮೆ ಭಾರತದ ಹಕ್ಕಿಗಳು ರದ್ದಿಯ ದರಕ್ಕೆ ಬಿಕರಿಯಾದವು. 1880ರ ದಶಕದ ಮೊದಲ ವರ್ಷಗಳ ಮಾತು. ಪ್ರವಾಸ ಮುಗಿಸಿ ತನ್ನ ರಾಥ್ನಿ ಕ್ಯಾಸಲ್ ಬಂಗಲೆಗೆ ಮರಳಿದ ಅಲನ್ ಆಕ್ಟೇವಿಯನ್ ಹ್ಯೂಮ್‌ಗೆ, ವರ್ಷಗಟ್ಟಲೆ ಕೂಡಿಟ್ಟ ಪಕ್ಷಿ ಟಿಪ್ಪಣಿಗಳಲ್ಲಿ ಬಹುಪಾಲನ್ನು ಮನೆಯ ಆಳೊಬ್ಬ ಹಳೇ ಕಾಗದವೆಂದು ಮಾರಿದ್ದು ಗೊತ್ತಾಯಿತು. ಮಳೆಗೆ ಗುಡ್ಡ ಕುಸಿದು ಅವನ ಸಂಗ್ರಹಾಲಯಕ್ಕೂ ಪೆಟ್ಟು ಬಿತ್ತು. ಮನುಷ್ಯ ಹಕ್ಕಿಗಳ ಸಹವಾಸವನ್ನೇ ಬಿಟ್ಟ. 1885ರಲ್ಲಿ ಸುಮಾರು 80,000 ಹಕ್ಕಿ ಚರ್ಮಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಮಾಡಿದ. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಹುಟ್ಟಿದಾಗ ಅದರ ಸೂತ್ರಧಾರರಲ್ಲಿ ಇವನೂ ಒಬ್ಬ. ಶಾಲೆಯ ಪಾಠ ನೆನಪಿಟ್ಟುಕೊಂಡಿರುವುದು ಈ ಎರಡನೆಯ ಹ್ಯೂಮನನ್ನು ಮಾತ್ರ.

ಶಿಮ್ಲಾದ ಈ ರದ್ದಿಗೂ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೂ ಏನು ಸಂಬಂಧ? ಬೆಳಗಾವಿಯ ದಂಡಿನಲ್ಲಿದ್ದ ಕ್ಯಾಪ್ಟನ್ ಇ.ಎ. ಬಟ್ಲರ್ ಎಂಬ ಅಧಿಕಾರಿಯೇ ಸಂಬಂಧ. ಅವನು ಹ್ಯೂಮ್‌ಗೆ ತಪ್ಪದೆ ಬರೆಯುತ್ತಿದ್ದವರಲ್ಲಿ ಒಬ್ಬ. ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ 1881ರಲ್ಲಿ ದಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತ್ಯದ ಹಕ್ಕಿಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದ. ನಮ್ಮ ಸೀಮೆಯ ಆಕಾಶ ಶಾಸ್ತ್ರೀಯವಾಗಿ ಕಾಗದಕ್ಕಿಳಿದದ್ದು ಹೀಗೆ. ಶೀಗಿ ಹುಣ್ಣಿವೆಯ ಹೊತ್ತಿಗೆ ಉತ್ತರದಿಂದ ಬಂದು, ಯುಗಾದಿಯ ಆಸುಪಾಸಿನಲ್ಲಿ ಮರಳುವ ಸೆಳೆವಗಳೂ ಆ ಪಟ್ಟಿಯಲ್ಲಿವೆ. ಇಂಗ್ಲಿಷರು ಹ್ಯಾರಿಯರ್ ಎನ್ನುವ ಈ ಹಕ್ಕಿ ಊರವರ ಬಾಯಲ್ಲಿ ಬರೇ ಗಿಡಗ.

ಹ್ಯೂಮ್‌ನ ಕಾಗದ ಉಳಿದಿದ್ದರೆ ಆಗ ಇಲ್ಲಿ ಎಷ್ಟು ಗಿಡಗಗಳಿದ್ದವೆಂದು ತಿಳಿಯುತ್ತಿತ್ತೇ ಎಂದರೆ, ಅದೂ ಇಲ್ಲ. ಜಾತಿ ಗುರುತಿಸು, ಹೊಡೆದು ಚರ್ಮ ಸುಲಿ, ಗೂಡು ಸಿಕ್ಕರೆ ಮೊಟ್ಟೆ ತೆಗೆದು ತಾರೀಖು ಬರೆ: ಆ ಕಾಲದ ರೂಢಿ ಇಷ್ಟೇ. ‘ಸಾಮಾನ್ಯ’, ‘ಅಪರೂಪ’ ಎಂಬ ಮಾತಿಗೆ ಲೆಕ್ಕ ಮುಗಿಯುತ್ತಿತ್ತು. ಒಂದೇ ಜಾಗದಲ್ಲಿ ಕೂತು, ವರ್ಷ ವರ್ಷವೂ ಒಂದೇ ರೀತಿಯಲ್ಲಿ ಎಣಿಸಬೇಕೆಂಬ ಹಟ ಬಂದದ್ದು ಬಹಳ ತಡವಾಗಿ.

ಅದಕ್ಕೊಂದು ಗುಡ್ಡ ಬೇಕಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದ ಉದ್ದನೆಯ ಬೆಟ್ಟಸಾಲಿನ ಮೇಲೆ ಶರತ್ಕಾಲದಲ್ಲಿ ಹಾದುಹೋಗುವ ಗಿಡಗಗಳನ್ನು ಜನ ಮೋಜಿಗಾಗಿ ಗುಂಡಿಕ್ಕಿ ಕೊಲ್ಲುತ್ತಿದ್ದರು. ಸತ್ತ ಹಕ್ಕಿಗಳನ್ನು ನೆಲದಲ್ಲಿ ಸಾಲಾಗಿ ಜೋಡಿಸಿ ರಿಚರ್ಡ್ ಪೌ ತೆಗೆದ ಫೋಟೋಗಳು ರೋಸಲಿ ಎಡ್ಜ್ ಎಂಬ ಗಟ್ಟಿಗಿತ್ತಿಯ ಕಣ್ಣಿಗೆ ಬಿದ್ದವು. 1934ರಲ್ಲಿ ಆಕೆ ಆ ಗುಡ್ಡವನ್ನೇ ಗುತ್ತಿಗೆಗೆ ಹಿಡಿದು ಮಾರಿಸ್ ಬ್ರೌನ್ ಎಂಬವನನ್ನು ಕಾವಲಿಗೆ ಇಟ್ಟಳು. ಕಾವಲಿಗೆ ಬಂದವನು ಎಣಿಸಲೂ ತೊಡಗಿದ. ಮರಿ ಹದ್ದುಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆ ಎಂಬುದು ಅವನ ವಹಿಯಲ್ಲಿ ಕಂಡಿತು. 1962ರಲ್ಲಿ ಡಿಡಿಟಿ ಕೀಟನಾಶಕದ ವಿರುದ್ಧ ಬರೆದ ರೇಚಲ್ ಕಾರ್ಸನ್ ಆ ಅಂಕಿಗಳನ್ನು ಸಾಕ್ಷಿಗೆ ಕರೆದರು.

ನಮ್ಮಲ್ಲೂ ಒಮ್ಮೆ ಎಣಿಕೆಯೇ ಗಂಟೆ ಬಾರಿಸಿತು. ಭರತಪುರದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಎಂಬತ್ತರ ದಶಕದಲ್ಲಿ ರಣಹದ್ದುಗಳನ್ನು ಎಣಿಸಿಟ್ಟಿದ್ದರು. ತೊಂಬತ್ತರ ದಶಕದ ಕೊನೆಗೆ ಮತ್ತೆ ಎಣಿಸಿದಾಗ ಎದೆ ಝಲ್ಲೆನಿಸುವ ಕುಸಿತ ಕಂಡಿತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಔಷಧಿಯೇ ಕಾರಣವೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಸರ್ಕಾರ ಅದರ ಪಶು ಬಳಕೆಯನ್ನು ನಿಷೇಧಿಸಿತು. ಮೊದಲಿನ ಅಂಕಿ ಇರದಿದ್ದರೆ ಕುಸಿತ ಎಂದು ಹೇಳಲು ಆಧಾರವಾದರೂ ಏನಿರುತ್ತಿತ್ತು?

ಗುಡ್ಡದ ಮೇಲೆ ಕೂತು ಎಣಿಸುವುದು ಎಲ್ಲ ಕಡೆ ನಡೆಯುವ ಕೆಲಸವಲ್ಲ. ಹಕ್ಕಿಗಳನ್ನು ಒಂದೇ ದಾರಿಗೆ ಹಚ್ಚುವಷ್ಟು ಉದ್ದದ ಬೆಟ್ಟಸಾಲು ಅದಕ್ಕೆ ಬೇಕು. ಹಿಮಾಲಯದ ಮಗ್ಗುಲಲ್ಲಿರುವ ಧರ್ಮಶಾಲಾದಲ್ಲಿ 2001ರ ಶರತ್ತಿನಲ್ಲೂ 2002ರ ವಸಂತದಲ್ಲೂ ಸ್ಟೆಪ್ ಹದ್ದುಗಳನ್ನು ಹಾಗೆ ಎಣಿಸಿದ್ದಾರೆ. ನಿಪ್ಪಾಣಿ ಬಳಿಯ ನಮ್ಮ ಸ್ತವನಿಧಿಯ ಗುಡ್ಡ ಅಂಥ ಗೋಡೆಯಲ್ಲ. ಮಾರ್ಚಿನ ಬಿಸಿಲಿಗೆ ನೆಲದಿಂದ ಏಳುವ ಬಿಸಿಗಾಳಿ ಹಿಡಿದು ಸೆಳೆವಗಳು ಎಲ್ಲಿಂದ ಬೇಕಾದರೂ ಮೇಲೇರಿ ಮಧ್ಯ ಏಷ್ಯಾದ ಹುಲ್ಲುಗಾಡಿನತ್ತ ಹೊರಡುತ್ತವೆ.

ಆದರೆ ಈ ಹಕ್ಕಿ ಮರದಲ್ಲಿ ಮಲಗುವುದಿಲ್ಲ. ಸಂಜೆಗೆ ಹುಲ್ಲಿನ ನಡುವೆ ನೆಲಕ್ಕಿಳಿದು ಗುಂಪಾಗಿ ರಾತ್ರಿ ಕಳೆಯುತ್ತದೆ. ಹೊತ್ತು ಮುಳುಗುವ ಮುನ್ನ ನಾಲ್ಕು ದಿಕ್ಕಿಗೆ ನಾಲ್ವರು ನಿಂತು ಇಳಿಯುವವನ್ನು ಎಣಿಸಿದರೆ ಆಯಿತು. ಬಯಲುಸೀಮೆಗೆ ಒಪ್ಪುವ ಎಣಿಕೆ ಇದು. ಗುಜರಾತಿನ ವೆಳಾವದರದಲ್ಲಿ ಅದೇ ವಿಭು ಪ್ರಕಾಶ್ ಮತ್ತು ಬ್ರಿಟನ್ನಿನ ರೋಜರ್ ಕ್ಲಾರ್ಕ್ ಜೊತೆಗಾರರೊಂದಿಗೆ ಎಣಿಸಿ, ಸೆಳೆವಗಳ ವಿಶ್ವದಾಖಲೆಯೆಂದು 1998ರಲ್ಲಿ ಪ್ರಕಟಿಸಿದರು. ಆ ಹುಲ್ಲು ಉಳಿದದ್ದು ಭಾವನಗರದ ಅರಸರ ಬೇಟೆಯ ಕಾವಲಾಗಿದ್ದುದರಿಂದ. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಸಂಗಡಿಗರು ದಕ್ಷಿಣದ ತಾಣಗಳಲ್ಲಿ ಎಣಿಸುತ್ತಾ ಬಂದಿದ್ದಾರೆ. ಆಂಧ್ರದ ರೋಳ್ಳಪಾಡುವಿನಲ್ಲಿ ಸಂಖ್ಯೆ ಬಹಳ ಇಳಿದಿದೆ ಎನ್ನುವುದು ಇಂಥ ಎಣಿಕೆಯಿಂದಲೇ ತಿಳಿದದ್ದು.

ಇನ್ನು ನಮ್ಮ ಐದು ತಾಲ್ಲೂಕು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಗುಂಟ ಕಬ್ಬು ಹಬ್ಬಿದೆ. ನೀರಿನ ಪೈಪು ಹೋದಲ್ಲೆಲ್ಲ ಅದೂ ಹಿಂದೆ ಹೋಗಿದೆ. ಜೋಳ, ಶೇಂಗಾದ ಹೊಲದ ಮೇಲೆ ತಗ್ಗಿನಲ್ಲಿ ತೇಲುತ್ತ ಮಿಡತೆ ಹಿಡಿಯುವ ಹಕ್ಕಿಗೆ ಆಳೆತ್ತರದ ಕಬ್ಬು ಮುಚ್ಚಿದ ಬಾಗಿಲು. ಉಳಿದ ಮಡ್ಡಿ, ಗಾಯರಾಣವೆಂಬ ಗೋಮಾಳಗಳನ್ನು ಕಂಡರೆ ಎಲ್ಲರಿಗೂ ಕೈ ತುರಿಸುತ್ತದೆ: ಒಬ್ಬರಿಗೆ ಲೇಔಟು, ಒಬ್ಬರಿಗೆ ಮುರುಮು, ಹಸಿರು ಮಾಡುವವರಿಗೆ ನೀಲಗಿರಿ. ಬೀಳು ನೆಲವೆಂದರೆ ಯಾರೂ ಇಲ್ಲದ ನೆಲ ಎಂಬ ಈ ದಡ್ಡತನಕ್ಕೆ ಸಿಟ್ಟು ಬರುತ್ತದೆ. ಹಕ್ಕಿ ಕಡಿಮೆಯಾಗಿವೆ ಎಂದರೆ ‘ಮೊದಲು ಎಷ್ಟಿದ್ದವು?’ ಎಂಬ ಮರುಪ್ರಶ್ನೆ. ಬಟ್ಲರ್ ಹೆಸರು ಕೊಟ್ಟ, ಅಂಕಿ ಕೊಡಲಿಲ್ಲ.

ಅಂಕಿ ಬರೆಯಲು ಈಗ ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ಸಮಿತಿ, ಅದರದೊಂದು ದಾಖಲೆ ಪುಸ್ತಕ ಇರಬೇಕು. ಫೆಬ್ರವರಿ, ಮಾರ್ಚಿನಲ್ಲಿ ಗಾಯರಾಣದ ಅಂಚಿಗೆ ನಿಂತು ಎಣಿಸಿ, ತಾರೀಖು ಹಾಕಿ ‘ಮೂರು’ ಎಂದು ಬರೆದರೂ ಸಾಕು. ಮುಂದಿನ ವರ್ಷ ಅದು ಎರಡಾದರೆ, ಒಂದು ಎಲ್ಲಿ ಹೋಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು.